ವಸಂತ ಮಾಸಗಳಲ್ಲಿ ಮನೆಯ ಕೈತೋಟದ ನಿರ್ವಹಣೆ

ನಮ್ಮ ಪಂಚಾಂಗದ ಪ್ರಕಾರ ಚೈತ್ರ ಮತ್ತು ವೈಶಾಖ ಮಾಸಗಳು ವಸಂತ ಋತುವೆನಿಸುತ್ತವೆ. ಯುಗಾದಿಯ ಬೇವಿನ ಹೂವು ಮತ್ತು ಮಾವಿನ ಚಿಗುರು ಈ ಋತುವಿನ ಆಗಮನವನ್ನು ಸಾರುತ್ತವೆ. ಆದರೆ ಭಾರತ ಹವಾಮಾನ ಇಲಾಖೆಯು ವರ್ಷವನ್ನು ವಿಂಗಡಿಸುವ ಕ್ರಮದಲ್ಲಿ ವಸಂತಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಜನವರಿ ಮತ್ತು ಫೆಬ್ರವರಿ ಚಳಿಗಾಲ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಮುಂಗಾರು ಪೂರ್ವದ ಬೇಸಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು. ಅನಂತರದ ಮೂರು ತಿಂಗಳು ಹಿಂಗಾರು ಎಂಬುದು ಆ ಇಲಾಖೆಯ ವಿಂಗಡಣೆ. ಕೈತೋಟ ಮಾಡುವವರಿಗೆ ಇವೆರಡು ಲೆಕ್ಕಗಳೂ ಉಪಯುಕ್ತವಾದುವೇ. ಗಿಡಗಳು ಚಿಗುರುವ ಹುರುಪು ಪಂಚಾಂಗದ ವಸಂತಕ್ಕೆ ಸೇರಿದ್ದು; ಆ ಚಿಗುರನ್ನು ಒಣಗಿಸುವ ಬಿಸಿಲು ಹವಾಮಾನ ಇಲಾಖೆಯ ಬೇಸಿಗೆಗೆ ಸೇರಿದ್ದು. ಇವುಗಳ ನಡುವೆ ದೊರೆಯುವ ಕೆಲವೇ ವಾರಗಳನ್ನು ಸರಿಯಾಗಿ ಬಳಸಿಕೊಳ್ಳುವುದೇ ವಸಂತಕಾಲದ ಕೈತೋಟದ ಮುಖ್ಯ ಕೆಲಸವಾಗಿದೆ.

ಈ ವಾರಗಳು ಎಷ್ಟು ಬೇಗ ಕಳೆದುಹೋಗಬಲ್ಲವು ಎಂಬುದಕ್ಕೆ 2022ರ ಮಾರ್ಚ್ ತಿಂಗಳು ಉತ್ತಮ ನಿದರ್ಶನ. ದೇಶದ ಸರಾಸರಿ ಗರಿಷ್ಠ ಉಷ್ಣಾಂಶದ ದೃಷ್ಟಿಯಿಂದ, 1901ರಿಂದ ಅಂದಿನವರೆಗಿನ ದಾಖಲೆಗಳಲ್ಲಿ ಅದು ಅತ್ಯಂತ ಬಿಸಿಯಾದ ಮಾರ್ಚ್ ಎನಿಸಿತು. ಉತ್ತರ ಭಾರತದ ಗೋಧಿಯ ಕಾಳು ಬಲಿಯುವ ಮುನ್ನವೇ ಸೊರಗಿತು. ಹೊಲಕ್ಕೆ ಒದಗಿದ ಸಂಕಟ ಮನೆಯ ಕುಂಡಗಳಿಗೂ ತಪ್ಪಲಿಲ್ಲ. ಹೊಲದ ಮಣ್ಣಿಗೆ ಆಳವಿದೆ; ಕುಂಡದ ಮಣ್ಣು ಎಲ್ಲ ಕಡೆಯಿಂದಲೂ ಕಾಯುತ್ತದೆ. ಆದುದರಿಂದ ತಾರಸಿ ಮತ್ತು ಬಾಲ್ಕನಿಗಳಲ್ಲಿ ಗಿಡ ಬೆಳೆಸುವ ನಗರವಾಸಿಗಳು ಕೆಲಸಗಳ ಕ್ರಮವನ್ನು ಮೊದಲೇ ಯೋಚಿಸಿಕೊಳ್ಳುವುದು ಅವಶ್ಯಕ.

ನಗರಕ್ಕೊಂದು ವಸಂತ

ಕರ್ನಾಟಕದಿಂದ ಹೊರಗೆ ನೆಲೆಸಿರುವ ಕುಟುಂಬಗಳು ಹಲವು ವೇಳೆ ತಮ್ಮ ಊರಿನ ವಾಡಿಕೆಯಂತೆ ಬಿತ್ತನೆ ಮಾಡಿ ನಿರಾಶೆ ಹೊಂದುವುದುಂಟು. ಮೈಸೂರಿನಲ್ಲಿ ಯುಗಾದಿಯ ನಂತರ ಬಿತ್ತಿದ ಹೀರೆ ಬೇಸಿಗೆಯ ಮಳೆಗೆ ಚೇತರಿಸಿಕೊಂಡೀತು. ಅದೇ ಬೀಜವನ್ನು ದೆಹಲಿಯಲ್ಲಿ ಏಪ್ರಿಲ್ ಮಧ್ಯದಲ್ಲಿ ಬಿತ್ತಿದರೆ, ಬಳ್ಳಿ ಹೂ ಬಿಡುವ ವೇಳೆಗೆ ಬಿಸಿಗಾಳಿ ಬೀಸತೊಡಗಿ ಹೂಗಳು ಉದುರಿಹೋಗುತ್ತವೆ.

ದೆಹಲಿಯಲ್ಲಿ ಕೈತೋಟದ ವಸಂತವು ಫೆಬ್ರವರಿ ಮಧ್ಯದಿಂದ ಮಾರ್ಚ್ ಅಂತ್ಯದವರೆಗಿನ ಆರು ವಾರಗಳ ಅವಧಿ. ವಸಂತ ಪಂಚಮಿಯ ನಂತರ ಚಳಿಯ ತೀವ್ರತೆ ಕಡಿಮೆಯಾಗುತ್ತಲೇ ಮಣ್ಣನ್ನು ಸಿದ್ಧಗೊಳಿಸಿ, ಮಾರ್ಚ್ ಮಧ್ಯದೊಳಗೆ ಬೇಸಿಗೆಯ ತರಕಾರಿಗಳ ಬಿತ್ತನೆಯನ್ನು ಮುಗಿಸಬೇಕು. ಹೈದರಾಬಾದ್ ಮತ್ತು ಪುಣೆಗಳಲ್ಲಿ ಚಳಿ ಅಷ್ಟು ಕಠಿಣವಾಗಿರುವುದಿಲ್ಲವಾದ ಕಾರಣ ಜನವರಿಯ ಕೊನೆಯಲ್ಲಿಯೇ ಬಿತ್ತನೆಯನ್ನು ಆರಂಭಿಸಬಹುದು. ಈ ಎರಡೂ ನಗರಗಳ ಗಾಳಿ ಬೇಸಿಗೆಯಲ್ಲಿ ಒಣಗಿರುವುದರಿಂದ ಮಣ್ಣಿನ ತೇವ ಬೇಗ ಆರುತ್ತದೆ. ಮುಂಬಯಿಯ ಗಾಳಿಯಲ್ಲಿ ತೇವಾಂಶ ಹೆಚ್ಚು. ಬಿಸಿಲಿನ ಬಾಧೆ ಕಡಿಮೆಯೆನಿಸಿದರೂ ಹಿಟ್ಟು ತಿಗಣೆ ಮತ್ತು ಬೂದಿ ರೋಗಗಳ ಬಾಧೆ ಇದ್ದೇ ಇರುತ್ತದೆ. ಅಲ್ಲಿ ಜೂನ್ ತಿಂಗಳ ಭಾರಿ ಮಳೆಗೆ ಮುನ್ನವೇ ಫಸಲು ಕೈಗೆ ಬರುವಂತೆ ಬಿತ್ತನೆಯ ಕಾಲವನ್ನು ಹೊಂದಿಸಿಕೊಳ್ಳಬೇಕು.

ಚೆನ್ನೈ ನಗರದ ಸ್ಥಿತಿ ಇವೆಲ್ಲಕ್ಕಿಂತ ಭಿನ್ನ. ಅಲ್ಲಿಗೆ ಮುಖ್ಯ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತದಿಂದ. ಆ ಮಳೆಯ ತೇವ ಇನ್ನೂ ಉಳಿದಿರುವಾಗ, ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಮಾಡುವ ಬಿತ್ತನೆಯ ಕಾಲವನ್ನು ತಮಿಳರು ‘ಮಾಸಿ ಪಟ್ಟಂ’ ಎಂದು ಕರೆಯುತ್ತಾರೆ. ಅಲ್ಲಿನ ಕನ್ನಡಿಗರು ಈ ಸ್ಥಳೀಯ ಲೆಕ್ಕವನ್ನು ಅನುಸರಿಸುವುದು ಸೂಕ್ತ. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಹೊಸ ಸಸಿಗಳನ್ನು ನೆಡುವುದು ಶ್ರಮವನ್ನು ವ್ಯರ್ಥಗೊಳಿಸಿದಂತೆ.

ಮೊದಲು ನೀರಿನ ಲೆಕ್ಕ

ಬೀಜ ಕೊಳ್ಳುವುದಕ್ಕೆ ಮುನ್ನ ಮಾಡಬೇಕಾದುದು ನೀರಿನ ಲೆಕ್ಕ. ಒಂದು ಅಡಿ ಅಗಲದ ಕುಂಡದಲ್ಲಿ ಬೆಳೆದು ನಿಂತ ತರಕಾರಿ ಗಿಡಕ್ಕೆ ಬೇಸಿಗೆಯಲ್ಲಿ ದಿನವೊಂದಕ್ಕೆ ಸುಮಾರು ಒಂದು ಲೀಟರ್ ನೀರು ಬೇಕಾಗುತ್ತದೆ. 15 ಕುಂಡಗಳಿದ್ದರೆ ದಿನಕ್ಕೆ 15 ಲೀಟರ್, ತಿಂಗಳಿಗೆ 450 ಲೀಟರ್ ಆಯಿತು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ನಲ್ಲಿಯ ನೀರು ಕಡಿಮೆಯಾದಾಗಲೂ ಇಷ್ಟನ್ನು ಒದಗಿಸಬಹುದೇ ಎಂದು ಮನೆಯವರು ಯೋಚಿಸಬೇಕು. 2019ರ ಬೇಸಿಗೆಯಲ್ಲಿ ಚೆನ್ನೈ ನಗರಕ್ಕೆ ನೀರುಣಿಸುವ ಜಲಾಶಯಗಳು ಬಹುಮಟ್ಟಿಗೆ ಬತ್ತಿಹೋದಾಗ ಜನರು ಕುಡಿಯುವ ನೀರಿಗಾಗಿ ಟ್ಯಾಂಕರುಗಳ ಮುಂದೆ ಸಾಲು ನಿಲ್ಲಬೇಕಾಯಿತು. ಅಂತಹ ಸಂದರ್ಭದಲ್ಲಿ 15 ಕುಂಡಗಳನ್ನು ಒಣಗಿಸಿಕೊಳ್ಳುವುದಕ್ಕಿಂತ, ಆರಂಭದಲ್ಲಿಯೇ 6 ಕುಂಡಗಳನ್ನು ಇಟ್ಟುಕೊಂಡು ಉಳಿಸಿಕೊಳ್ಳುವುದು ವಿವೇಕವೆನಿಸುತ್ತದೆ.

ಅಕ್ಕಿ, ಬೇಳೆ ಮತ್ತು ತರಕಾರಿಗಳನ್ನು ತೊಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ಸಂಗ್ರಹಿಸಿದರೆ ಸಣ್ಣ ಕೈತೋಟದ ಅಗತ್ಯದ ಬಹುಭಾಗ ಪೂರೈಸುತ್ತದೆ. ಈ ನೀರನ್ನು ಅದೇ ದಿನ ಬಳಸಬೇಕು. ಸಾಬೂನು ಅಥವಾ ಮಾರ್ಜಕ ಬೆರೆತ ನೀರನ್ನು ಸೊಪ್ಪು ತರಕಾರಿಗಳಿಗೆ ಹಾಕಬಾರದು. ಲವಣ ತೆಗೆಯುವ ಶುದ್ಧೀಕರಣ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಲವಣಾಂಶ ಹೆಚ್ಚಿರುವ ಕಾರಣ, ಅದನ್ನು ನೆಲ ಒರೆಸಲು ಬಳಸಿ, ಗಿಡಗಳಿಗೆ ಬಳಸದಿರುವುದು ಲೇಸು.

ಮುಂಜಾನೆ ನೀರು ಹಾಕುವುದು ಅತ್ಯುತ್ತಮ. ಬಿಸಿಲು ತೀವ್ರವಾದ ಮೇಲೆ ಸಣ್ಣ ಕುಂಡಗಳಿಗೆ ಸಂಜೆಯೂ ಸ್ವಲ್ಪ ನೀರು ಬೇಕಾಗಬಹುದು. ನೀರಿನ ಅಗತ್ಯವನ್ನು ತಿಳಿಯಲು ಬೆರಳೇ ಸಾಕಾದ ಸಾಧನ. ಬೆರಳನ್ನು ಒಂದು ಅಂಗುಲ ಆಳಕ್ಕೆ ಇಳಿಸಿದಾಗ ಮಣ್ಣು ತೇವವಾಗಿದ್ದರೆ ಅಂದು ನೀರು ಹಾಕಬೇಕಾಗಿಲ್ಲ. ಮಧ್ಯಾಹ್ನ ಎಲೆಗಳು ಬಾಡಿದಂತೆ ಕಂಡು ಸಂಜೆಗೆ ತಾವಾಗಿಯೇ ಚೇತರಿಸಿಕೊಂಡರೆ ಅದು ಬಿಸಿಲಿನ ಪರಿಣಾಮವೇ ಹೊರತು ನೀರಿನ ಕೊರತೆಯಲ್ಲ. ಬೆಳಗಿನ ಹೊತ್ತಿನಲ್ಲಿಯೂ ಎಲೆ ಬಾಡಿದ್ದು ಮಣ್ಣು ಒಣಗಿದ್ದರೆ ಕೂಡಲೇ ನೀರು ಕೊಡಬೇಕು. ಮಣ್ಣು ಒದ್ದೆಯಾಗಿದ್ದೂ ಎಲೆ ಬಾಡಿದ್ದರೆ ಬೇರು ಕೊಳೆಯುತ್ತಿರುವ ಸಾಧ್ಯತೆ ಇರುವುದರಿಂದ ನೀರನ್ನು ನಿಲ್ಲಿಸಬೇಕು.

ಮಣ್ಣಿನ ಮೇಲೆ ಸುಮಾರು ಎರಡು ಅಂಗುಲ ದಪ್ಪಕ್ಕೆ ತರಗೆಲೆ, ಒಣಹುಲ್ಲು ಅಥವಾ ತೆಂಗಿನ ನಾರಿನ ಹೊದಿಕೆಯನ್ನು ಹರಡಿದರೆ ತೇವ ಆರುವುದು ನಿಧಾನವಾಗುತ್ತದೆ. ವಸಂತದಲ್ಲಿ ಹಲವು ಮರಗಳು ಎಲೆ ಉದುರಿಸುವುದರಿಂದ ತರಗೆಲೆಗೆ ಕೊರತೆಯಿರದು. ಅದನ್ನು ಬೆಂಕಿಗೆ ಹಾಕದೆ ಚೀಲಗಳಲ್ಲಿ ತುಂಬಿಟ್ಟುಕೊಳ್ಳಬೇಕು. ದೊಡ್ಡ ಪಾತಿಗಳಲ್ಲಿ, ಮೆರುಗು ಬಳಿಯದ ಸಣ್ಣ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿ ಬಾಯಿ ಮುಚ್ಚಿಡುವ ಹಳೆಯ ಪದ್ಧತಿಯೂ ಉಂಟು. ಮಡಕೆಯ ಸೂಕ್ಷ್ಮ ರಂಧ್ರಗಳ ಮೂಲಕ ಜಿನುಗುವ ನೀರು ನೇರವಾಗಿ ಬೇರಿಗೆ ತಲಪುತ್ತದೆ.

ಹಳೆಯ ಬೆಳೆ ಮತ್ತು ಮಣ್ಣು

ಬಿಸಿಲು ಏರುತ್ತಿದ್ದಂತೆ ಪಾಲಕ್, ಮೆಂತ್ಯ, ಮೂಲಂಗಿ ಮತ್ತು ಕೊತ್ತಂಬರಿಗಳು ಹೂಕಾಂಡವನ್ನು ಮೇಲಕ್ಕೆತ್ತುತ್ತವೆ. ಅಲ್ಲಿಂದ ಮುಂದೆ ಅವುಗಳ ಎಲೆ ಗಡುಸಾಗಿ ರುಚಿ ಕೆಡುತ್ತದೆ. ಪ್ರತಿಯೊಂದು ಬಗೆಯಲ್ಲಿ ಆರೋಗ್ಯವಾದ ಎರಡು ಮೂರು ಗಿಡಗಳನ್ನು ಬೀಜಕ್ಕಾಗಿ ಉಳಿಸಿ ಮಿಕ್ಕವನ್ನು ಕಿತ್ತು ಗೊಬ್ಬರದ ಬುಟ್ಟಿಗೆ ಸೇರಿಸಬಹುದು. ರೋಗ ತಗುಲಿದ ಗಿಡಗಳನ್ನು ಮಾತ್ರ ಗೊಬ್ಬರಕ್ಕೆ ಹಾಕಬಾರದು. ಬಲಿತ ಬೀಜಗಳನ್ನು ನೆರಳಿನಲ್ಲಿ ಒಣಗಿಸಿ, ಬೆಳೆಯ ಹೆಸರು ಮತ್ತು ತಿಂಗಳನ್ನು ಬರೆದ ಕಾಗದದ ಪೊಟ್ಟಣದಲ್ಲಿ ಇಡಬೇಕು. ಅಂಗಡಿಯಿಂದ ಕೊಂಡ ಸಂಕರ ತಳಿಗಳ ಬೀಜವನ್ನು ಹೀಗೆ ಉಳಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಅವುಗಳ ಮುಂದಿನ ಪೀಳಿಗೆ ತಾಯಿಗಿಡದ ಗುಣವನ್ನು ಹೋಲುವುದಿಲ್ಲ.

ಬೆಳೆ ತೆಗೆದ ಕುಂಡದ ಮಣ್ಣನ್ನು ಹೊರಕ್ಕೆ ಸುರಿದು, ಹೆಂಟೆಗಳನ್ನು ಒಡೆದು, ಹಳೆಯ ಬೇರುಗಳನ್ನು ಆರಿಸಿ ಎರಡು ಮೂರು ದಿನ ಬಿಸಿಲಿನಲ್ಲಿ ಹರಡಬೇಕು. ಅನಂತರ ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಒಂದು ಪಾಲು ಮರಳನ್ನು ಬೆರೆಸಬೇಕು. ಕುಂಡವೊಂದಕ್ಕೆ ಒಂದು ಹಿಡಿ ಬೇವಿನ ಹಿಂಡಿಯನ್ನು ಸೇರಿಸುವುದು ಒಳ್ಳೆಯದು. ಹಸಿ ಸಗಣಿಯನ್ನಾಗಲಿ ಅರ್ಧ ಕಳಿತ ಕಸವನ್ನಾಗಲಿ ಬೆರೆಸಿದರೆ ಅದು ಕೊಳೆಯುವಾಗ ಉಂಟಾಗುವ ಶಾಖದಿಂದ ಎಳೆಯ ಬೇರುಗಳು ಸುಟ್ಟುಹೋಗುತ್ತವೆ.

ಅಡುಗೆಮನೆಯ ಹಸಿ ಕಸದಿಂದ ಗೊಬ್ಬರ ತಯಾರಿಸಲು ವಸಂತದ ಬೆಚ್ಚಗಿನ ಹವೆ ಅನುಕೂಲಕರ. ತಳದಲ್ಲಿಯೂ ಪಕ್ಕದಲ್ಲಿಯೂ ರಂಧ್ರಗಳಿರುವ ಡಬ್ಬದಲ್ಲಿ ಒಂದು ಪದರ ತರಕಾರಿ ಸಿಪ್ಪೆ, ಅದರ ಮೇಲೆ ಅದರ ಎರಡರಷ್ಟು ಒಣ ಎಲೆ, ಒಂದು ಹಿಡಿ ಹಳೆಯ ಮಣ್ಣು ಎಂಬ ಕ್ರಮದಲ್ಲಿ ತುಂಬುತ್ತ ಬಂದು, ವಾರಕ್ಕೊಮ್ಮೆ ತಿರುವಿ ಹಾಕಿದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ದುರ್ವಾಸನೆ ಬಂದರೆ ತೇವ ಹೆಚ್ಚಾಗಿದೆಯೆಂದು ತಿಳಿದು ಒಣ ಎಲೆಯನ್ನು ಸೇರಿಸಬೇಕು. ಕಳಿತ ಗೊಬ್ಬರಕ್ಕೆ ಮಳೆ ಬಿದ್ದ ನೆಲದ ವಾಸನೆ ಇರುತ್ತದೆ.

ನೆಲದ ಪಾತಿ ಇರುವವರು, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಖಾಲಿ ಬಿಡುವ ಪಾತಿಗೆ ಚೆನ್ನಾಗಿ ನೀರುಣಿಸಿ, ಪಾರದರ್ಶಕ ತೆಳು ಪಾಲಿಥೀನ್ ಹಾಳೆಯನ್ನು ಹೊದಿಸಿ ಅಂಚುಗಳನ್ನು ಮಣ್ಣಿನಿಂದ ಮುಚ್ಚಬಹುದು. ನಾಲ್ಕರಿಂದ ಆರು ವಾರಗಳ ಬಿಸಿಲಿಗೆ ಮಣ್ಣಿನೊಳಗಿನ ಅನೇಕ ರೋಗಾಣುಗಳು, ಜಂತುಹುಳುಗಳು ಹಾಗೂ ಕಳೆಯ ಬೀಜಗಳು ನಾಶವಾಗುತ್ತವೆ. ಇದರಲ್ಲಿ ಯಾವ ವಿಷವನ್ನೂ ಬಳಸುವ ಪ್ರಮೇಯವಿಲ್ಲ.

ತಾರಸಿ ಮತ್ತು ಬಾಲ್ಕನಿಗಳಲ್ಲಿ ಭಾರದ ಬಗೆಗೂ ಎಚ್ಚರ ಅಗತ್ಯ. ಒಂದು ಅಡಿ ಅಗಲದ, ನೀರುಂಡ ಮಣ್ಣಿನ ಕುಂಡ ಸುಮಾರು 20ರಿಂದ 25 ಕಿಲೋಗ್ರಾಂ ತೂಗುತ್ತದೆ. ಅಂತಹ ಕುಂಡಗಳನ್ನು ತಾರಸಿಯ ನಡುವೆ ಗುಂಪಾಗಿಡದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚುಗಳಲ್ಲಿ ಇಡಬೇಕು. ಕುಂಡದ ಅಡಿಯಲ್ಲಿ ಇಟ್ಟಿಗೆಗಳನ್ನಿಟ್ಟರೆ ನೀರು ಹರಿದುಹೋಗಿ ತಾರಸಿ ಸೋರದು. ಕಟ್ಟೆಗೋಡೆಯ ಮೇಲಾಗಲಿ ಕಿಟಕಿಯ ಹೊರಗಿನ ಚಾಚಿನ ಮೇಲಾಗಲಿ ಕುಂಡವನ್ನು ಎಂದಿಗೂ ಇಡಬಾರದು. ಗಾಳಿಗೆ ಉರುಳಿ ಕೆಳಗೆ ನಡೆಯುವವರ ಪ್ರಾಣಕ್ಕೆ ಎರವಾಗಬಹುದು.

ಬಿತ್ತನೆ ಹಾಗೂ ಬೀಜಗಳ ಹೆಸರುಗಳು

ಈ ಕಾಲದಲ್ಲಿ ಬಿತ್ತಲು ಬೆಂಡೆ, ಹೀರೆ, ಹಾಗಲ, ಸೋರೆ, ಸೌತೆ, ಕುಂಬಳ, ಅಲಸಂದೆ, ಗೋರಿಕಾಯಿ, ದಂಟು ಮತ್ತು ಬಸಳೆ ಯೋಗ್ಯವಾದ ಬೆಳೆಗಳು. ಬದನೆ ಮತ್ತು ಮೆಣಸಿನಕಾಯಿಯನ್ನು ಸಸಿ ಮಾಡಿ ನೆಡಬೇಕು. ಶುಂಠಿ, ಅರಿಸಿನ ಮತ್ತು ಸುವರ್ಣಗೆಡ್ಡೆಗಳ ಮೊಳಕೆಯೊಡೆದ ತುಂಡುಗಳನ್ನು ಏಪ್ರಿಲ್ ಅಂತ್ಯದಿಂದ ಮೇ ತಿಂಗಳಿನಲ್ಲಿ, ಅರೆನೆರಳಿನ ಸ್ಥಳದಲ್ಲಿ ನೆಡಬಹುದು.

ಪರಸ್ಥಳದಲ್ಲಿ ಬೀಜ ಕೊಳ್ಳುವಾಗ ಸ್ಥಳೀಯ ಹೆಸರುಗಳ ಪರಿಚಯವಿದ್ದರೆ ಅನುಕೂಲ. ಸೋರೆಕಾಯಿಗೆ ಹಿಂದಿಯಲ್ಲಿ ಲೌಕಿ, ಮರಾಠಿಯಲ್ಲಿ ದುಧೀ ಭೋಪಳಾ, ತಮಿಳಿನಲ್ಲಿ ಸುರೈಕ್ಕಾಯ್, ತೆಲುಗಿನಲ್ಲಿ ಸೊರಕಾಯ ಅಥವಾ ಆನಪಕಾಯ ಎಂಬ ಹೆಸರುಗಳಿವೆ. ಹೀರೆಕಾಯಿಯು ದೆಹಲಿಯಲ್ಲಿ ತೋರಿ, ಮುಂಬಯಿ ಮತ್ತು ಪುಣೆಗಳಲ್ಲಿ ದೋಡ್ಕಾ, ಚೆನ್ನೈಯಲ್ಲಿ ಪೀರ್ಕಂಗಾಯ್, ಹೈದರಾಬಾದಿನಲ್ಲಿ ಬೀರಕಾಯ. ಹಾಗಲವು ಕ್ರಮವಾಗಿ ಕರೇಲಾ, ಕಾರ್ಲೆ, ಪಾಗಕ್ಕಾಯ್ ಮತ್ತು ಕಾಕರಕಾಯ. ದಂಟಿನ ಸೊಪ್ಪಿಗೆ ಹಿಂದಿಯಲ್ಲಿ ಚೌಲಾಯಿ, ಮರಾಠಿಯಲ್ಲಿ ಮಾಠ, ತಮಿಳಿನಲ್ಲಿ ತಂಡುಕ್ಕೀರೈ, ತೆಲುಗಿನಲ್ಲಿ ತೋಟಕೂರ ಎನ್ನುತ್ತಾರೆ. ಬಸಳೆಯು ಹಿಂದಿಯಲ್ಲಿ ಪೋಯಿ, ಮರಾಠಿಯಲ್ಲಿ ಮಾಯಾಳೂ, ತೆಲುಗಿನಲ್ಲಿ ಬಚ್ಚಲಿ ಎನಿಸುತ್ತದೆ.

ಬೀಜದ ಪೊಟ್ಟಣಗಳ ಮೇಲೆ ಕಾಣುವ ‘ಪೂಸಾ’ ಮತ್ತು ‘ಅರ್ಕಾ’ ಎಂಬ ಪದಗಳು ತಳಿಯ ಮೂಲವನ್ನು ಸೂಚಿಸುತ್ತವೆ. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು 1905ರಲ್ಲಿ ಬಿಹಾರದ ಪೂಸಾ ಎಂಬಲ್ಲಿ ಸ್ಥಾಪಿತವಾಯಿತು. 1934ರ ಭೂಕಂಪದಿಂದ ಅಲ್ಲಿನ ಕಟ್ಟಡಗಳಿಗೆ ಹಾನಿಯಾದ ಬಳಿಕ, 1936ರಲ್ಲಿ ದೆಹಲಿಗೆ ಸ್ಥಳಾಂತರಗೊಂಡಿತು. ಹಳೆಯ ಊರಿನ ಹೆಸರು ಅದರ ತಳಿಗಳ ಮೂಲಕ ಇಂದಿಗೂ ಉಳಿದುಬಂದಿದೆ. ‘ಅರ್ಕಾ’ ತಳಿಗಳು ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವು. ಅರ್ಕಾವತಿ ನದಿಯ ಹೆಸರಿನಿಂದ ಈ ಪದ ಬಂದಿದೆ. ಹಳದಿ ನಂಜುರೋಗವನ್ನು ತಡೆದುಕೊಳ್ಳುವಂತೆ ರೂಪಿಸಿದ ‘ಅರ್ಕಾ ಅನಾಮಿಕ’ ಬೆಂಡೆ ಈ ಸಂಸ್ಥೆಯ ಪ್ರಸಿದ್ಧ ಕೊಡುಗೆ.

ಬೆಂಡೆಯ ಬೀಜವನ್ನು ಒಂದು ರಾತ್ರಿ, ಗಡುಸು ಸಿಪ್ಪೆಯ ಹಾಗಲದ ಬೀಜವನ್ನು ಒಂದು ಹಗಲು ಮತ್ತು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಬೇಕು. ಬೀಜದ ದಪ್ಪದ ಎರಡು ಮೂರರಷ್ಟು ಆಳ ಸಾಕು. ದಂಟಿನಂತಹ ಸಣ್ಣ ಬೀಜಗಳನ್ನು ಮರಳಿನೊಡನೆ ಬೆರೆಸಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಬೇಕು. ಕುಂಡಕ್ಕೆ ಮೂರು ಬೀಜ ಹಾಕಿ, ಮೊಳೆತ ನಂತರ ಬಲವಾದ ಒಂದು ಸಸಿಯನ್ನು ಮಾತ್ರ ಉಳಿಸಿಕೊಳ್ಳಬೇಕು. ಹೆಚ್ಚಿನ ಸಸಿಗಳನ್ನು ಕೀಳಲು ಮನಸ್ಸಾಗದೆ ಎಲ್ಲವನ್ನೂ ಉಳಿಸಿಕೊಂಡರೆ ಯಾವುದೂ ಸರಿಯಾಗಿ ಬೆಳೆಯುವುದಿಲ್ಲ. ಬಳ್ಳಿಯ ತರಕಾರಿಗಳಿಗೆ ಒಂದೂವರೆ ಅಡಿ ಅಗಲದ ಕುಂಡ ಬೇಕು. ಬಳ್ಳಿ ಹಬ್ಬುವ ಮುನ್ನವೇ ಚಪ್ಪರ ಅಥವಾ ಹಗ್ಗದ ಆಸರೆಯನ್ನು ಸಿದ್ಧಪಡಿಸಬೇಕು.

ಹೂಗಿಡಗಳು ಮತ್ತು ದೀರ್ಘಕಾಲದ ಗಿಡಗಳು

ಚಳಿಗಾಲದಲ್ಲಿ ಹೂ ಬಿಟ್ಟು ಮುಗಿದ ಸೇವಂತಿಗೆಯ ಕಾಂಡಗಳನ್ನು ನೆಲಮಟ್ಟದಿಂದ ಸ್ವಲ್ಪ ಮೇಲೆ ಕತ್ತರಿಸಿ, ಬುಡದಲ್ಲಿ ಮೂಡುವ ಮರಿಸಸಿಗಳನ್ನು ನೆರಳಿನಲ್ಲಿ ಕಾಪಾಡಬೇಕು. ಮುಂದಿನ ವರ್ಷದ ಗಿಡಗಳು ಇವೇ. ಗುಲಾಬಿಯ ಬಾಡಿದ ಹೂಗಳನ್ನು ಎರಡು ಮೂರು ಎಲೆಗಳ ಸಮೇತ ಕತ್ತರಿಸುತ್ತಿದ್ದರೆ ಹೊಸ ಕವಲು ಒಡೆಯುತ್ತದೆ. ಮಲ್ಲಿಗೆ ಈ ಕಾಲದಲ್ಲಿ ಮೊಗ್ಗು ಬಿಡುವುದರಿಂದ ಅದನ್ನು ಸವರದೆ, ಗೊಬ್ಬರ ಮತ್ತು ನೀರು ತಪ್ಪದಂತೆ ನೋಡಿಕೊಳ್ಳಬೇಕು. ತುಳಸಿಯ ತೆನೆಗಳನ್ನು ಚಿವುಟಿದರೆ ಗಿಡ ಪೊದೆಯಾಗಿ ಬೆಳೆಯುತ್ತದೆ.

ದೆಹಲಿಯ ಚಳಿಗೆ ಎಲೆ ಉದುರಿಸಿದ ಕರಿಬೇವು ಸತ್ತಿತೆಂದು ಎಸೆಯುವವರುಂಟು. ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಗಿಡ ಜೀವಂತವಾಗಿದೆಯೆಂದೇ ಅರ್ಥ. ಒಣ ತುದಿಗಳನ್ನು ಕತ್ತರಿಸಿ ಗೊಬ್ಬರ ಕೊಟ್ಟರೆ ಮಾರ್ಚ್‌ನಲ್ಲಿ ಅದು ಪುನಃ ಚಿಗುರುತ್ತದೆ.

ಹೂವಿನಿಂದ ಕಾಯಿ

ಬಳ್ಳಿಯ ತುಂಬ ಹೂವಿದ್ದರೂ ಕಾಯಿ ಕಚ್ಚುವುದಿಲ್ಲವೆಂಬುದು ಎತ್ತರದ ಮಹಡಿಗಳಲ್ಲಿ ಕೈತೋಟ ಮಾಡುವವರ ಸಾಮಾನ್ಯ ದೂರು. ಸೋರೆ, ಹೀರೆ, ಹಾಗಲ, ಕುಂಬಳಗಳಲ್ಲಿ ಗಂಡು ಮತ್ತು ಹೆಣ್ಣು ಹೂಗಳು ಬೇರೆ ಬೇರೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿಯ ಆಕಾರ ಕಾಣುತ್ತದೆ. ಗಂಡು ಹೂವಿಗೆ ಬರಿಯ ತೊಟ್ಟು. ಜೇನ್ನೊಣಗಳು ಬಾರದ ಸ್ಥಳದಲ್ಲಿ ಈ ಕೆಲಸವನ್ನು ಮನುಷ್ಯನೇ ಮಾಡಬೇಕಾಗುತ್ತದೆ. ಆಗ ತಾನೇ ಅರಳಿದ ಗಂಡು ಹೂವನ್ನು ಕಿತ್ತು, ದಳಗಳನ್ನು ತೆಗೆದು, ಅದರ ಪರಾಗವನ್ನು ಹೆಣ್ಣು ಹೂವಿನ ನಡುವೆ ಮೃದುವಾಗಿ ಸವರಬೇಕು. ಕುಂಬಳ ಮತ್ತು ಹಾಗಲದ ಹೂಗಳು ಮುಂಜಾನೆ ಅರಳುತ್ತವೆ. ಸೋರೆ ಮತ್ತು ಹೀರೆಯ ಹೂಗಳು ಸಂಜೆ ಅರಳುತ್ತವೆ. ಈ ವ್ಯತ್ಯಾಸವನ್ನು ಅರಿಯದೆ ಹೀರೆಯ ಹೂವಿಗೆ ಬೆಳಗಿನಲ್ಲಿ ಪರಾಗ ಸವರಿದರೆ ಫಲ ದೊರೆಯದು. ಆರಂಭದಲ್ಲಿ ಗಂಡು ಹೂಗಳು ಮಾತ್ರ ಬರುವುದು ಸಹಜವಾದುದರಿಂದ ಆತಂಕಪಡಬೇಕಾಗಿಲ್ಲ.

ಕೀಟಗಳು ಮತ್ತು ವಿಷದ ಅಪಾಯ

ವಸಂತದ ಎಳೆ ಚಿಗುರಿಗೆ ಸಸ್ಯಹೇನು, ಬಿಳಿನೊಣ ಮತ್ತು ಹಿಟ್ಟು ತಿಗಣೆಗಳು ಮುತ್ತುತ್ತವೆ. ನಿಂಬೆ ಮತ್ತು ಕರಿಬೇವಿನ ಎಲೆಗಳನ್ನು ಒಂದು ಬಗೆಯ ಚಿಟ್ಟೆಯ ಹುಳುಗಳು ತಿನ್ನುತ್ತವೆ; ಎಳೆಯವು ಹಕ್ಕಿಯ ಹಿಕ್ಕೆಯಂತೆಯೂ ಬೆಳೆದವು ಎಲೆಯಂತೆ ಹಸಿರಾಗಿಯೂ ಕಾಣುತ್ತವೆ. ಮನೆಯ ಕೈತೋಟದಲ್ಲಿ ಇವುಗಳನ್ನು ಕೈಯಿಂದ ಆರಿಸಿ ತೆಗೆಯುವುದೇ ಅತ್ಯುತ್ತಮ ಉಪಾಯ. ಹೇನು ಹತ್ತಿದ ಚಿಗುರಿಗೆ ರಭಸವಾಗಿ ನೀರು ಚಿಮುಕಿಸಿದರೆ ಬಹುಪಾಲು ಉದುರಿಹೋಗುತ್ತವೆ. ಹಿಟ್ಟು ತಿಗಣೆಯನ್ನು ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆಯಬಹುದು.

ಬಾಧೆ ಹೆಚ್ಚಾದಲ್ಲಿ ಬೇವಿನ ಬೀಜದ ಕಷಾಯವನ್ನು ಬಳಸಬಹುದು. ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ ಹಾಕಿ, ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಸೋಸಿ, ಎಲೆಗೆ ಅಂಟಿಕೊಳ್ಳುವಂತೆ ಸ್ವಲ್ಪ ಸಾಬೂನಿನ ದ್ರವವನ್ನು ಬೆರೆಸಬೇಕು. ಬೇವಿನ ಸತ್ತ್ವವು ಬಿಸಿಲಿಗೆ ಬೇಗ ಕ್ಷೀಣಿಸುವ ಕಾರಣ ಸಂಜೆ ಸಿಂಪಡಿಸುವುದು ಸೂಕ್ತ. ಹೂ ಅರಳಿರುವಾಗ ಯಾವ ದ್ರಾವಣವನ್ನೂ ಸಿಂಪಡಿಸದಿದ್ದರೆ ಜೇನ್ನೊಣಗಳು ಸುರಕ್ಷಿತವಾಗಿರುತ್ತವೆ.

ರಾಸಾಯನಿಕ ಕೀಟನಾಶಕಗಳು ಮನೆಯೊಳಗೆ ಬಂದಾಗ ಉಂಟಾಗುವ ಅಪಾಯ ಸಣ್ಣದಲ್ಲ. 1958ರಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕವು ಸಾಗಾಣಿಕೆಯ ಸಮಯದಲ್ಲಿ ಆಹಾರ ಪದಾರ್ಥಗಳಿಗೆ ಸೋರಿ ಬೆರೆತ ಪರಿಣಾಮವಾಗಿ ಕೇರಳದಲ್ಲಿ 100ಕ್ಕೂ ಹೆಚ್ಚು ಜನರು ಮರಣ ಹೊಂದಿದರು. ಈ ದುರಂತದ ವಿಚಾರಣೆಯ ಫಲವಾಗಿ 1968ರಲ್ಲಿ ಸಂಸತ್ತು ಕೀಟನಾಶಕಗಳ ಅಧಿನಿಯಮವನ್ನು ಅಂಗೀಕರಿಸಿತು. ಕೀಟನಾಶಕದ ಡಬ್ಬದ ಮೇಲೆ ಬಣ್ಣದ ಚಿಹ್ನೆಯನ್ನು ಮುದ್ರಿಸುವ ಕ್ರಮವು ಈ ಕಾನೂನಿನ ಅಡಿಯಲ್ಲಿ 1971ರಲ್ಲಿ ರಚಿಸಿದ ನಿಯಮಗಳಿಂದ ಬಂದುದು. ಕೆಂಪು ಅತ್ಯಂತ ತೀವ್ರ ವಿಷವನ್ನೂ, ಹಳದಿ ತೀವ್ರ ವಿಷವನ್ನೂ, ನೀಲಿ ಮಧ್ಯಮ ವಿಷವನ್ನೂ, ಹಸಿರು ಅಲ್ಪ ವಿಷವನ್ನೂ ಸೂಚಿಸುತ್ತವೆ. ಹಸಿರು ಬಣ್ಣವನ್ನು ನಿರಪಾಯದ ಗುರುತೆಂದು ಭಾವಿಸುವುದು ತಪ್ಪು, ಅದೂ ವಿಷವೇ.

ತೋಟಕ್ಕೆ ಸಿಂಪಡಿಸಿದ ವಿಷ ತೋಟದಲ್ಲಿಯೇ ಉಳಿಯುವುದಿಲ್ಲ ಎಂಬುದನ್ನು ಎಂಡೋಸಲ್ಫಾನ್ ಪ್ರಕರಣ ಕನ್ನಡ ನಾಡಿನ ಕರಾವಳಿಗೂ ಕಾಸರಗೋಡಿಗೂ ಮನದಟ್ಟು ಮಾಡಿಕೊಟ್ಟಿತು. ಗೇರು ತೋಟಗಳ ಮೇಲೆ ಸಿಂಪಡಿಸಿದ ಈ ಕೀಟನಾಶಕದ ದುಷ್ಪರಿಣಾಮಗಳ ಕುರಿತು ದೀರ್ಘಕಾಲ ಹೋರಾಟ ನಡೆದು, 2011ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಹಿಡಿಯಿತು. ಮಕ್ಕಳು ಆಡುವ, ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ, ಅಂದೇ ಕೊಯ್ದು ಅಡುಗೆ ಮಾಡುವ ಸೊಪ್ಪಿನ ಮೇಲೆ ಇಂತಹ ರಾಸಾಯನಿಕಗಳಿಗೆ ಸ್ಥಾನವಿಲ್ಲ. ಬೇರೆ ಕಾರಣಕ್ಕಾಗಿ ಮನೆಯಲ್ಲಿ ಕೀಟನಾಶಕವಿದ್ದರೆ ಅದನ್ನು ಮೂಲ ಡಬ್ಬದಲ್ಲಿಯೇ, ಬೀಗ ಹಾಕಿದ ಕಪಾಟಿನಲ್ಲಿ ಇಡಬೇಕು. ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಸೀಸೆಗೆ ಅದನ್ನು ಸುರಿದಿಡುವುದು ಪ್ರಾಣಾಪಾಯವನ್ನು ಆಹ್ವಾನಿಸಿದಂತೆ. ಆಕಸ್ಮಿಕವಾಗಿ ಯಾರಾದರೂ ಸೇವಿಸಿದಲ್ಲಿ ವಾಂತಿ ಮಾಡಿಸಲು ಯತ್ನಿಸದೆ, ಡಬ್ಬದ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಸೊಳ್ಳೆಗೆ ಎಡೆ ಬೇಡ

ಕುಂಡದ ಕೆಳಗಿನ ತಟ್ಟೆ, ಮುಚ್ಚಳವಿಲ್ಲದ ನೀರಿನ ಪೀಪಾಯಿ, ಮೂಲೆಯಲ್ಲಿ ಬಿದ್ದಿರುವ ಖಾಲಿ ಕುಂಡ, ಹಕ್ಕಿಗಳಿಗಾಗಿ ಇಟ್ಟ ನೀರಿನ ಬಟ್ಟಲು ಇವೆಲ್ಲವೂ ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯ ತೊಟ್ಟಿಲುಗಳಾಗಬಲ್ಲವು. ಈ ಸೊಳ್ಳೆ ನಿಂತ ತಿಳಿನೀರಿನಲ್ಲಿ ಬೆಳೆಯುತ್ತದೆ, ಹಗಲಿನಲ್ಲಿ ಕಚ್ಚುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಂದು ದಿನವನ್ನು ಗೊತ್ತುಪಡಿಸಿ, ಎಲ್ಲ ತಟ್ಟೆ ಬಟ್ಟಲುಗಳ ನೀರನ್ನು ಚೆಲ್ಲಿ ಒಣಗಿಸಬೇಕು. ಪಾತ್ರೆಯ ಒಳಮೈಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿದು, ನೀರು ತಾಗಿದಾಗ ಮರಿಯಾಗುತ್ತವೆ. ಹೀಗಾಗಿ ನೀರನ್ನು ಚೆಲ್ಲುವುದರ ಜೊತೆಗೆ ಒಳಮೈಯನ್ನು ಉಜ್ಜಿ ತೊಳೆಯುವುದೂ ಆವಶ್ಯಕ. ಮಳೆ ಆರಂಭವಾಗುವುದಕ್ಕೆ ಮುಂಚೆಯೇ ಈ ಅಭ್ಯಾಸ ಬೇರೂರಿದರೆ ಜೂನ್ ನಂತರದ ರೋಗದ ಕಾಲದಲ್ಲಿ ಮನೆಯವರಿಗೂ ನೆರೆಯವರಿಗೂ ರಕ್ಷಣೆ ದೊರೆಯುತ್ತದೆ.

ಕೊಯ್ಲು ಮತ್ತು ಊಟ

ಬಿತ್ತಿದ ಮೂರು ನಾಲ್ಕು ವಾರಗಳಲ್ಲಿ ದಂಟು, ಒಂದೂವರೆ ತಿಂಗಳಿನಲ್ಲಿ ಬೆಂಡೆ ಕೊಯ್ಲಿಗೆ ಬರುತ್ತವೆ. ಬೆಂಡೆಯನ್ನು ಎರಡು ದಿನಕ್ಕೊಮ್ಮೆ ಎಳೆಯದಾಗಿಯೇ ಕೊಯ್ಯಬೇಕು. ಒಂದೆರಡು ಕಾಯಿ ಬಲಿತರೂ ಗಿಡ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಬಸಳೆ ಮತ್ತು ದಂಟಿನ ತುದಿಗಳನ್ನು ಚಿವುಟುತ್ತಿದ್ದರೆ ಅನೇಕ ಬಾರಿ ಕೊಯ್ಲು ದೊರೆಯುತ್ತದೆ.

ಸೋರೆಕಾಯಿಯ ವಿಷಯದಲ್ಲಿ ಒಂದು ಮುಖ್ಯ ಎಚ್ಚರಿಕೆ ಇದೆ. ಈ ಜಾತಿಯ ಕಾಯಿಗಳಲ್ಲಿ ಕುಕರ್ಬಿಟಾಸಿನ್ ಎಂಬ ಕಹಿ ವಿಷವಸ್ತುಗಳು ಉಂಟಾಗಬಲ್ಲವು. ತೀವ್ರ ಬಿಸಿಲು ಮತ್ತು ನೀರಿನ ಕೊರತೆಗಳು ಅವನ್ನು ಹೆಚ್ಚಿಸುತ್ತವೆ. ಕಹಿ ಸೋರೆಕಾಯಿಯ ರಸವನ್ನು ಕುಡಿದು ಜನರು ತೀವ್ರ ಅಸ್ವಸ್ಥರಾದ ಹಾಗೂ ಕೆಲವರು ಮೃತಪಟ್ಟ ಪ್ರಕರಣಗಳನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ನೇಮಿಸಿದ ತಜ್ಞರ ಸಮಿತಿಯು ಪರಿಶೀಲಿಸಿತು. 2012ರಲ್ಲಿ ಪ್ರಕಟವಾದ ಅದರ ವರದಿಯು ಕಹಿ ರಸವನ್ನು ಸೇವಿಸಲೇಬಾರದೆಂದು ತಿಳಿಸಿತು. ಕತ್ತರಿಸಿದ ಸೋರೆಕಾಯಿಯ ಸಣ್ಣ ಚೂರನ್ನು ನಾಲಗೆಗೆ ತಾಗಿಸಿ, ಕಹಿಯೆನಿಸಿದರೆ ಉಗುಳಿ, ಇಡೀ ಕಾಯಿಯನ್ನು ಎಸೆದುಬಿಡಬೇಕು. ಬೇಯಿಸಿದರೆ ಸರಿಹೋದೀತೆಂಬ ಆಸೆಯಿಂದಾಗಲಿ, ಸ್ವಂತ ಕೈತೋಟದ ಕಾಯಿಯೆಂಬ ಮಮತೆಯಿಂದಾಗಲಿ ಅದನ್ನು ಬಳಸಬಾರದು. ಹಾಗಲದ ಕಹಿ ಅದರ ಸಹಜ ಗುಣ. ಸೋರೆಯ ಕಹಿ ಅಪಾಯದ ಸೂಚನೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು ವಯಸ್ಕರ ದಿನದ ತಟ್ಟೆಯಲ್ಲಿ ಸೊಪ್ಪೂ ಸೇರಿದಂತೆ 400 ಗ್ರಾಂ ತರಕಾರಿ ಇರಬೇಕೆಂದು ಸೂಚಿಸುತ್ತದೆ. ಬಾಲ್ಕನಿಯ ನಾಲ್ಕು ಕುಂಡಗಳಿಂದ ಇಡೀ ಸಂಸಾರಕ್ಕೆ ಇಷ್ಟು ದೊರೆಯುವುದು ಅಸಾಧ್ಯ. ಆದರೆ ಸೊಪ್ಪು ದುಬಾರಿಯಾಗುವ ಬೇಸಿಗೆಯಲ್ಲಿ ವಾರಕ್ಕೆ ಎರಡು ಮೂರು ಬಾರಿ ದಂಟಿನ ಹುಳಿ, ಬಸಳೆಯ ಸಾರು, ಒಗ್ಗರಣೆಗೆ ತಾಜಾ ಕರಿಬೇವು ದೊರೆತರೆ ಅದು ಗಣನೀಯ ಲಾಭವೇ. ಸೊಪ್ಪನ್ನು ಹೆಚ್ಚುವುದಕ್ಕೆ ಮೊದಲೇ ತೊಳೆದು, ಕಡಿಮೆ ನೀರಿನಲ್ಲಿ ಮುಚ್ಚಿ ಬೇಯಿಸಿದರೆ ಜೀವಸತ್ತ್ವಗಳು ಉಳಿಯುತ್ತವೆ. ಊಟದೊಡನೆ ನಿಂಬೆರಸವನ್ನು ಸೇವಿಸಿದರೆ ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ಶರೀರವು ಉತ್ತಮವಾಗಿ ಹೀರಿಕೊಳ್ಳುತ್ತದೆ.

ದಿನಚರಿಯ ಸಾರಾಂಶ

ವಸಂತ ಮಾಸಗಳ ಕೆಲಸಗಳನ್ನು ಈ ಕೆಳಗಿನಂತೆ ಸಂಗ್ರಹಿಸಬಹುದು.

1. ಪ್ರತಿದಿನ ಬೆಳಗ್ಗೆ: ಮಣ್ಣಿನ ತೇವವನ್ನು ಬೆರಳಿನಿಂದ ಪರೀಕ್ಷಿಸಿ ನೀರು ಕೊಡುವುದು; ಎಲೆಗಳ ಅಡಿಭಾಗದಲ್ಲಿ ಕೀಟಗಳಿವೆಯೇ ಎಂದು ನೋಡುವುದು.

2. ಎರಡು ದಿನಕ್ಕೊಮ್ಮೆ: ಬೆಂಡೆ ಮುಂತಾದ ಎಳೆಯ ಕಾಯಿಗಳ ಕೊಯ್ಲು.

3. ವಾರಕ್ಕೊಮ್ಮೆ: ತಟ್ಟೆ ಮತ್ತು ಪಾತ್ರೆಗಳನ್ನು ಉಜ್ಜಿ ಒಣಗಿಸುವುದು, ಗೊಬ್ಬರದ ಡಬ್ಬವನ್ನು ತಿರುವುವುದು, ಕಳೆ ಕೀಳುವುದು, ಬಳ್ಳಿಗಳನ್ನು ಆಸರೆಗೆ ಕಟ್ಟುವುದು.

4. ಹದಿನೈದು ದಿನಕ್ಕೊಮ್ಮೆ: ಕುಂಡಗಳಿಗೆ ಒಂದು ಹಿಡಿ ಗೊಬ್ಬರ ಕೊಟ್ಟು, ಹೊದಿಕೆಯನ್ನು ಸರಿಪಡಿಸುವುದು.

5. ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ: ಎಳೆಯ ಗಿಡಗಳಿಗೆ ನೆರಳು ಬಲೆ ಅಥವಾ ಹಳೆಯ ಹತ್ತಿ ಸೀರೆಯ ಮರೆ ಕಟ್ಟುವುದು, ಕುಂಡಗಳನ್ನು ಒತ್ತಾಗಿ ಜೋಡಿಸುವುದು.

ಬಿಸಿಲಿನ ಕಾಲದಲ್ಲಿ ಈ ಕೆಲಸಗಳನ್ನು ಬೆಳಗಿನ ಒಂಬತ್ತು ಗಂಟೆಯೊಳಗೆ ಮುಗಿಸುವುದು, ವಿಶೇಷವಾಗಿ ವೃದ್ಧರ ದೃಷ್ಟಿಯಿಂದ, ಕ್ಷೇಮಕರ. ಮಣ್ಣಿನ ಕೆಲಸದಲ್ಲಿ ಗಾಯವಾದರೆ ಸಾಬೂನಿನಿಂದ ತೊಳೆದು, ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು.

ಕೈತೋಟದ ಯಶಸ್ಸು ಕುಂಡಗಳ ಸಂಖ್ಯೆಯನ್ನು ಅವಲಂಬಿಸಿಲ್ಲ. ಊರಿನ ಹವೆಯನ್ನು ಅರಿತು, ಇರುವ ನೀರಿಗೆ ತಕ್ಕಷ್ಟು ಗಿಡಗಳನ್ನು ಇಟ್ಟುಕೊಂಡು, ವಿಷವನ್ನು ದೂರವಿಟ್ಟು, ದಿನಕ್ಕೆ ಅರ್ಧ ಗಂಟೆಯನ್ನು ತಪ್ಪದೆ ಮೀಸಲಿಡುವ ಮನೆಯಲ್ಲಿ ಬೇಸಿಗೆಯೂ ಹಸಿರಾಗಿಯೇ ಕಳೆಯುತ್ತದೆ. ಮಕ್ಕಳನ್ನು ಈ ಕೆಲಸದಲ್ಲಿ ಜೊತೆಗೂಡಿಸಿಕೊಂಡರೆ ಬೆಂಡೆ, ಬಸಳೆ, ಹೀರೆ ಎಂಬ ಹೆಸರುಗಳೂ ಅವುಗಳ ರುಚಿಯೂ ಪರಸ್ಥಳದಲ್ಲಿ ಬೆಳೆಯುವ ಮುಂದಿನ ಪೀಳಿಗೆಗೆ ಪರಿಚಿತವಾಗಿ ಉಳಿಯುತ್ತವೆ.